ಕಂಡಕ್ಟರ್ ವಹಾಬಣ್ಣನ ಚಾಳೀಸು

ಉಡುಪಿಯಿಂದ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹೊರಟು ಮಣಿಪಾಲ, ಪರ್ಕಳ, ಹಿರಿಯಡಕ ದಾಟಿ ಕಾರ್ಕಳಕ್ಕೆ ಓಡುವ ಬಿಳಿ-ನೀಲಿ ಎಕ್ಸ್‌ಪ್ರೆಸ್ಸಿಗೆ ಹಣೆಯ ಮೇಲೆ ಏನೋ ಒಂದು ಹೆಸರುಂಟು. ಅದನ್ನು ಯಾರೂ ಓದುವುದಿಲ್ಲ. ಜನರ ಬಾಯಲ್ಲಿ ಅದು ವಹಾಬಣ್ಣನ ಬಸ್ಸು. ಮಾಲೀಕರು ಬದಲಾದರು, ಬಣ್ಣ ಎರಡು ಸಲ ಬದಲಾಯಿತು, ಕಾಪುವಿನ ಅಬ್ದುಲ್ ವಹಾಬ್ ಮಾತ್ರ ಇಪ್ಪತ್ತೆರಡು ವರ್ಷದಿಂದ ಅದರ ಮುಂಬಾಗಿಲಿನ ಫುಟ್‌ಬೋರ್ಡ್ ಬಿಟ್ಟು ಕದಲಿದವನಲ್ಲ. ಅವನ ಕಣ್ಣೋ, ಅದರ ಕತೆಯೇ ಬೇರೆ! ದೂರದ ಗದ್ದೆಯ ಬದುವಿನ ಮೇಲೆ ಒಂದು ಕೊಡೆ ಓಡುತ್ತಿದ್ದರೆ ಸಾಕು, ಅದು ಯಾರ ಕೊಡೆ, ಎಲ್ಲಿಗೆ ಹೊರಟಿದೆ ಎಂದು ಹೇಳಿಬಿಡುತ್ತಾನೆ. ಹಿಂದಿನ ಬಸ್ಸು ಬಂದು ಹಾರ್ನ್ ಬಡಿದರೂ ಸರಿ, ಓಡಿ ಬರುವವರು ಹತ್ತದೆ ಹೊರಡುವ ಸೀಟಿ ಊದುವವನಲ್ಲ. "ನನ್ನ ಬಸ್ಸಿಗೆ ಕೈ ತೋರಿಸಿದವರು ಯಾರೂ ರಸ್ತೆಯಲ್ಲಿ ಉಳಿಯಲಿಲ್ಲ" ಎನ್ನುವುದು ಅವನ ಜಂಬ. ಜಂಬಕ್ಕೆ ತಕ್ಕ ಮನುಷ್ಯ, ಕೊಚ್ಚಿಕೊಳ್ಳಲಿ ಬಿಡಿ.

ಇಂಥವನಿಗೆ ನಲವತ್ತಾರಕ್ಕೆ ಚಾಳೀಸು ಬಂತು. ಅದೇ ಸಮಯಕ್ಕೆ ಮಾಲೀಕರು ಹೊಸ ಟಿಕೆಟ್ ಮಿಷನ್ ತಂದುಕೊಟ್ಟರು. ಅದರ ಅಕ್ಷರಗಳು ಸಾಸಿವೆ ಕಾಳಿನಷ್ಟು. ಮೂಗಿನ ಹತ್ತಿರ ಹಿಡಿದ, ಮಸುಕು. ಎದೆಯ ಹತ್ತಿರ ಹಿಡಿದ, ಮಸುಕು. ಕೈ ಪೂರ್ತಿ ಚಾಚಿದರೆ ಅಷ್ಟಿಷ್ಟು ಕಂಡೀತು, ಆದರೆ ಕಾಲೇಜು ಮಕ್ಕಳು ತುಂಬಿದ ಬಸ್ಸಿನಲ್ಲಿ ಕೈ ಚಾಚಲು ಜಾಗ ಎಲ್ಲಿಂದ ತರುವುದು? ಪರ್ಕಳ ಎಂದವರಿಗೆ ಕಾರ್ಕಳದ ಟಿಕೆಟ್ ಹರಿದುಕೊಟ್ಟು ಬೈಸಿಕೊಂಡ.

"ಆ ಕೈ ಇನ್ನು ಎರಡು ಇಂಚು ಬೆಳೆದರೆ ಸರಿಯಾಗ್ತದೆ ಮಾರಾಯ," ಎಂದು ಡ್ರೈವರ್ ಮುದ್ದಣ್ಣ ಕನ್ನಡಿಯಲ್ಲಿ ನೋಡಿ ನಕ್ಕ.

ವಹಾಬಣ್ಣ ಮೆಡಿಕಲ್ ಶಾಪಿನಿಂದ ಓದುವ ಕನ್ನಡಕ ಒಂದು ತಂದ. ಅದನ್ನು ಮೂಗಿಗೇರಿಸಿದರೆ ಮಿಷನ್ ನಿಚ್ಚಳ, ರಸ್ತೆ ಮಾತ್ರ ಗಂಜಿ ತಿಳಿ. ಹಾಕು, ತೆಗೆ, ಹಾಕು, ತೆಗೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಆತ್ರಾಡಿಯಲ್ಲಿ ತೆಗೆಯಲು ಮರೆತ. ಮಳೆಯಲ್ಲಿ ರಸ್ತೆ ಬದಿ ಕೆಂಪಗೆ ಏನೋ ಅಲುಗಿತು. ದಾಸವಾಳದ ಗಿಡ ಎಂದುಕೊಂಡು ಎರಡು ಸೀಟಿ ಊದಿದ, ಬಸ್ಸು ಹೊರಟಿತು.

ಅದು ಗಿಡವಲ್ಲ, ರತ್ನಾವತಿಯ ಕೊಡೆ. ನಿಟ್ಟೆಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ರತ್ನಾವತಿ ಹನ್ನೆರಡು ವರ್ಷದಿಂದ ಇದೇ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ನಿಟ್ಟೆಯ ಬಸ್ಸು ಹಿಡಿಯುವವಳು. ಅಂದು ಮಳೆಗೆ ಹಿಂದಿನ ಬಸ್ಸೂ ತಡವಾಗಿ ಬಂದು ನಿಟ್ಟೆಯ ಬಸ್ಸು ತಪ್ಪಿತು, ಹಾಸ್ಟೆಲಿನ ತಿಂಡಿ ತಡವಾಯಿತು, ಎಲ್ಲರೆದುರು ಮಾತು ಕೇಳಬೇಕಾಯಿತು. ಮರುದಿನ ವಹಾಬಣ್ಣ "ರತ್ನಕ್ಕಾ" ಎಂದು ಕರೆದರೆ ಅವಳು ಎದುರಿನ ಹಲಸಿನ ಮರ ನೋಡುತ್ತ ನಿಂತಳು. ಹಿಂದಿನ ಬಸ್ಸು ಹತ್ತಿದಳು. ಅದರ ಮರುದಿನವೂ ಅಷ್ಟೇ. ಇಪ್ಪತ್ತೆರಡು ವರ್ಷದ ಮಾತು ಒಂದು ದಾಸವಾಳದ ಗಿಡಕ್ಕೆ ಬಿದ್ದುಹೋಯಿತಲ್ಲ ಎಂದು ವಹಾಬಣ್ಣನಿಗೆ ನಾಚಿಕೆ, ಸಂಕಟ, ಎರಡೂ ಆಯಿತು. ರತ್ನಕ್ಕ ಮತ್ತೆ ತನ್ನ ಬಸ್ಸು ಹತ್ತಬೇಕು. ಹತ್ತಿಸಿಕೊಳ್ಳುವ ಮೊದಲು ಕಣ್ಣು ಸರಿಯಾಗಬೇಕು.

ಮಣಿಪಾಲದ ಕಣ್ಣಿನ ಕ್ಲಿನಿಕ್ಕಿನಲ್ಲಿ ಸಿಕ್ಕಿದವಳು ಸಿಂಥಿಯಾ. ಕಾಲೇಜಿಗೆ ಹೋಗುವಾಗ ಬೈಲೂರಿನಲ್ಲಿ ದಿನಾ ತಡವಾಗಿ ಓಡಿ ಬರುತ್ತಿದ್ದ ಹುಡುಗಿ, ಈಗ ಇಲ್ಲಿ ಕಣ್ಣು ಪರೀಕ್ಷೆ ಮಾಡುವವಳು.

"ನನ್ನ ಪರೀಕ್ಷೆಯ ದಿನ ನೀವು ಬಸ್ಸು ನಿಲ್ಲಿಸದಿದ್ದರೆ ನಾನು ಈ ಕುರ್ಚಿಯಲ್ಲಿ ಇರ್ತಿರಲಿಲ್ಲ ವಹಾಬಣ್ಣ," ಎಂದಳು. "ಹತ್ತಿರ, ದೂರ ಎರಡೂ ಕಾಣುವ ಕನ್ನಡಕ ಉಂಟು. ಆದರೆ ಅದರ ಕೆಳಗಿನ ಭಾಗ ಓದಲಿಕ್ಕೆ. ನೀವು ತಲೆ ತಗ್ಗಿಸಿ ಮೆಟ್ಟಿಲು ನೋಡಿದರೆ ಮಸುಕಾಗ್ತದೆ."

"ಬೇಡ. ಆ ರಶ್ಶಿನಲ್ಲಿ ಯಾರದ್ದಾದರೂ ಮೊಣಕೈ ತಾಗಿದರೆ ಅದು ಯಾರ ಬ್ಯಾಗಿಗೆ ಬೀಳ್ತದೋ."

"ಹಾಗಾದರೆ ಕಾಂಟ್ಯಾಕ್ಟ್ ಲೆನ್ಸ್. ಕಣ್ಣಿನ ಮೇಲೆಯೇ ಕೂರ್ತದೆ."

ಚಾಳೀಸಿಗೂ ಅಂಥದ್ದು ಉಂಟೆಂದು ವಹಾಬಣ್ಣ ಕೇಳಿಯೇ ಇರಲಿಲ್ಲ. ಮದುಮಕ್ಕಳು ಕಣ್ಣಿಗೆ ಬಣ್ಣ ಬರಿಸಲು ಹಾಕುವ ವಸ್ತು ಎಂದೇ ತಿಳಿದಿದ್ದ. ಮೊದಲು ಸಿಂಥಿಯಾ ಎಡಗಣ್ಣಿಗೊಂದೇ ಲೆನ್ಸ್ ಹಾಕಿದಳು: ಎಡಗಣ್ಣು ಹತ್ತಿರಕ್ಕೆ, ಬಲಗಣ್ಣು ದೂರಕ್ಕೆ. ಲೆನ್ಸ್ ಹತ್ತಿರ ಬಂದಾಗಲೆಲ್ಲ ವಹಾಬಣ್ಣನ ರೆಪ್ಪೆ ಪಟ್ಟೆಂದು ಮುಚ್ಚಿತು. ಜೊತೆಗೆ ಬಂದಿದ್ದ ಮುದ್ದಣ್ಣ ಸುಮ್ಮನಿರುತ್ತಾನೆಯೇ? "ಗಾದೆಯಲ್ಲಿ ಎಣ್ಣೆ ಬರುವಾಗ ಕಣ್ಣು ಮುಚ್ಚುವವರು ಇವರೇ ನೋಡಿ," ಎಂದ. ಆರನೇ ಸಲಕ್ಕೆ ಲೆನ್ಸ್ ಕೂತಿತು. ಮಿಷನ್ ಎತ್ತಿ ನೋಡಿದರೆ ಅಕ್ಷರ ಕಾಣುತ್ತದೆ! ವಹಾಬಣ್ಣನಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

"ಓಡುವ ಬಸ್ಸಿನಿಂದ ಹಾರುವವರು ನೀವು. ಒಂದು ಸಲ ಇಲ್ಲೇ ಮೆಟ್ಟಿಲಿನಲ್ಲಿ ಇಳಿದು ನೋಡಿ," ಎಂದಳು ಸಿಂಥಿಯಾ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ವಹಾಬಣ್ಣ ಬಸ್ಸಿನಿಂದ ಜಿಗಿಯುವಂತೆ ಜಿಗಿದ. ನೆಲ ಉಂಟೆಂದುಕೊಂಡಲ್ಲಿ ನೆಲ ಇರಲಿಲ್ಲ, ಇನ್ನೂ ಒಂದು ಮೆಟ್ಟಿಲಿತ್ತು. ಮುಗ್ಗರಿಸಿ ಕಂಬಿ ಹಿಡಿದು ಉಳಿದ.

"ಇದು ಮೇಜಿನ ಮುಂದೆ ಕೂರುವವರಿಗೆ ಆದೀತು, ನಿಮಗಲ್ಲ," ಎಂದು ಅವಳು ಅದನ್ನು ತೆಗೆದಳು. "ಒಂದೊಂದು ಕಣ್ಣಿಗೆ ಒಂದೊಂದು ಕೆಲಸ ಕೊಟ್ಟರೆ ಆಳ ಅಂದಾಜಾಗುವುದು ಕಷ್ಟ."

ವಹಾಬಣ್ಣನ ಮುಖ ಬಾಡಿತು. ಆದರೆ ಅವಳ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯಿತ್ತು. ಒಂದೇ ಲೆನ್ಸಿನ ನಡುವೆ ಹತ್ತಿರದ್ದು, ಸುತ್ತ ದೂರದ್ದು, ದೊಡ್ಡ ಬಳೆಯೊಳಗೆ ಚಿಕ್ಕ ಬಳೆ ಇಟ್ಟ ಹಾಗೆ. ಎರಡೂ ಕಣ್ಣಿಗೆ ಅದೇ. ಹಾಕಿಕೊಂಡು ಮಿಷನ್ ನೋಡಿದ, ಕಂಡಿತು. ತಲೆಯೆತ್ತಿ ಕಿಟಕಿಯಾಚೆ ನೋಡಿದ, ಟೈಗರ್ ಸರ್ಕಲ್ಲಿನಲ್ಲಿ ತಿರುಗುತ್ತಿದ್ದ ಬಸ್ಸಿನ ಬೋರ್ಡೂ ಕಂಡಿತು. ಮೆಟ್ಟಿಲು ಹಾರಿದ, ಪಾದ ನೆಲಕ್ಕೆ ಸರಿಯಾಗಿ ಬಿತ್ತು. ಖುಷಿಗೆ ಕೈ ತಾನಾಗಿ ಕುತ್ತಿಗೆಯ ಸೀಟಿಗೆ ಹೋಗಿ, ಕ್ಲಿನಿಕ್ಕೆಲ್ಲ ಬೆಚ್ಚುವಂತೆ ಎರಡು ಸಲ ಊದಿಬಿಟ್ಟ. ಕಾಯುತ್ತ ಕುಳಿತಿದ್ದ ಅಜ್ಜನೊಬ್ಬರು ಎದ್ದೇ ನಿಂತರು.

"ನಿಧಾನ," ಎಂದಳು ಸಿಂಥಿಯಾ, ನಗು ತಡೆಯುತ್ತ. "ಮಬ್ಬು ಬೆಳಕಿನಲ್ಲಿ ಅಕ್ಷರದ ಹಿಂದೆ ನೆರಳು ಕಂಡೀತು. ಕಣ್ಣು ಕಲಿಯಲಿಕ್ಕೆ ಎರಡು ವಾರ ಬೇಕು, ಅಲ್ಲಿಯವರೆಗೆ ಬಸ್ಸು ನಿಂತ ಮೇಲೆಯೇ ಇಳಿಯಬೇಕು. ನೀರು ತಾಗಿಸಬಾರದು, ಬಾವಿಯದ್ದೂ ನಲ್ಲಿಯದ್ದೂ. ಇದರ ದ್ರಾವಣದಲ್ಲೇ ತೊಳೆಯಬೇಕು. ಹಾಕಿಕೊಂಡು ಮಲಗಬಾರದು. ಕಣ್ಣು ಕೆಂಪಾದರೆ ತೆಗೆದು ಓಡಿ ಬನ್ನಿ."

ಅವಳು ಹೇಳದೆ ಬಿಟ್ಟದ್ದು ಬಂಗುಡೆಯ ವಿಷಯ. ಮೊದಲ ದಿನ ಬಂಗುಡೆ ಮೀನಿನ ಖಾರದ ಪುಳಿಮುಂಚಿ ಉಂಡು, ಕೈಯನ್ನು ಹೆಸರಿಗೆ ಮಾತ್ರ ತೊಳೆದು ಲೆನ್ಸ್ ತೆಗೆಯಲು ಹೋದ ವಹಾಬಣ್ಣ ಮನೆಯಿಡೀ ಕುಣಿದ. ಅಂದಿನಿಂದ ಹೆಂಡತಿ ಹಲೀಮಾ ಕಾನೂನು ಮಾಡಿದಳು: ಮೊದಲು ಸೋಪು, ಮತ್ತೆ ಲೆನ್ಸು, ಆಮೇಲೆ ಊಟ. ಖರ್ಚಾಯಿತಲ್ಲ ಎಂದು ಅವನು ಗೊಣಗಿದರೆ, "ವರ್ಷಕ್ಕೆ ಎರಡು ಮೊಬೈಲ್ ಬೀಳಿಸಿ ಒಡೆಯುವವರು ನೀವು, ಇದು ಹೆಚ್ಚಾ?" ಎಂದು ಬಾಯಿ ಮುಚ್ಚಿಸಿದಳು. ಸಂಜೆ ಅಂಗಳದಲ್ಲಿ ಕೂತು ಅವನು ಕಾಪುವಿನ ದೀಪಸ್ತಂಭ ನೋಡಿದ, ಬಿಸ್ಕೆಟ್ ಪ್ಯಾಕೆಟಿನ ತಾರೀಕು ಓದಿದ, ಮತ್ತೆ ಹಲೀಮಾಳ ಮುಖ ನೋಡಿದ. ಅವಳ ಗಲ್ಲದ ಸಣ್ಣ ಮಚ್ಚೆ ಎಷ್ಟೋ ತಿಂಗಳ ಮೇಲೆ ಕಂಡಿತ್ತು. ಅಲ್ಲಾ, ಎಷ್ಟು ಚೆಂದ ಎನಿಸಿತು ಅವನಿಗೆ. ಹೇಳಲು ಮಾತ್ರ ನಾಚಿಕೆಯಾಯಿತು.

ಎರಡು ವಾರ ಕಳೆಯಿತು. ನೆರಳುಗಳು ಹೋದವು. ಹದಿನೈದನೇ ಬೆಳಿಗ್ಗೆ ಆತ್ರಾಡಿಯ ತಿರುವಿನಲ್ಲೇ ವಹಾಬಣ್ಣನಿಗೆ ಕೆಂಪು ಕೊಡೆ ಕಂಡಿತು. ಕೊಡೆಯ ಒಂದು ಕಡ್ಡಿ ಮುರಿದದ್ದೂ ಕಂಡಿತು. ಒಂದು ಸೀಟಿ ಊದಿದ. ಬಸ್ಸು ರತ್ನಾವತಿಯ ಎದುರೇ ನಿಂತಿತು.

"ಹತ್ತಿ ರತ್ನಕ್ಕ."

"ಹಿಂದಿನದ್ದು ಬರ್ತದೆ," ಎಂದಳು ಅವಳು ಹಲಸಿನ ಮರಕ್ಕೆ.

"ಬರಲಿ. ನೀವು ಹತ್ತದೆ ನಾನು ಸೀಟಿ ಊದುವುದಿಲ್ಲ."

ಹಿಂದಿನ ಬಸ್ಸು ಬಂತು, ಹಾರ್ನ್ ಬಡಿಯಿತು. ಒಳಗೆ ಕಾಲೇಜು ಮಕ್ಕಳು ಗೊಣಗಿದರು. ನಿಮಿಷಕ್ಕೆ ನಿಮಿಷ ಲೆಕ್ಕವಿಡುವ ಆ ರೂಟಿನಲ್ಲಿ ಯಾರೂ ಮಾಡದ ಕೆಲಸವನ್ನು ಮುದ್ದಣ್ಣ ಮಾಡಿದ: ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತ. ರತ್ನಾವತಿ ಬಸ್ಸನ್ನೂ ಅವರಿಬ್ಬರನ್ನೂ ನೋಡಿದಳು. ಕೊಡೆ ಮಡಚಿ ಹತ್ತಿದಳು.

"ಆ ದಿನ ತಪ್ಪಾಯಿತು ಅಕ್ಕ. ನನಗೆ ಚಾಳೀಸು. ನಿಮ್ಮನ್ನು ದಾಸವಾಳದ ಗಿಡ ಅಂದುಕೊಂಡೆ."

"ಗಿಡವಾ?" ಎನ್ನುವಾಗ ಅವಳ ತುಟಿ ಒಂದು ಕಡೆ ಜಾರಿತು, ಮತ್ತೆ ಬಿಗಿಯಾಯಿತು. "ನನ್ನನ್ನು ಕಂಡೂ ಬಿಟ್ಟು ಹೋದಿರಿ ಅಂತ ತಿಳಿದೆ. ಅದೇ ಬೇಜಾರು."

ವಹಾಬಣ್ಣ ಟಿಕೆಟ್ ಹರಿದುಕೊಟ್ಟ. ರತ್ನಾವತಿ ಅದನ್ನು ನೋಡಲು ಕೈ ಚಾಚಿದಳು. ಇನ್ನೂ ಚಾಚಿದಳು. ಕೈ ಮುಂದಿನ ಸೀಟಿನವರ ಕಿವಿಗೆ ತಾಗುವಷ್ಟು ಹೋಯಿತು, ಹುಬ್ಬು ಗಂಟಾಯಿತು. ಆ ಕೈ ಹಾಗೆ ಯಾಕೆ ಚಾಚುತ್ತದೆಂದು ವಹಾಬಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಎಷ್ಟು ದಿನವಾಯಿತು ಅಕ್ಕ?" ಎಂದು ಮೆಲ್ಲಗೆ ಕೇಳಿದ.

ಅವಳು ತಲೆ ತಗ್ಗಿಸಿದಳು. "ಒಂದು ವರ್ಷ. ಮೊನ್ನೆ ಅನ್ನದಲ್ಲಿ ಕಲ್ಲು ಸಿಕ್ಕಿ ಮಕ್ಕಳು ತಟ್ಟೆ ದೂಡಿದರು. ಗೊತ್ತಾದರೆ ಕೆಲಸದಿಂದ ತೆಗೆದಾರು ಅಂತ ಯಾರಿಗೂ ಹೇಳಲಿಲ್ಲ."

"ಶನಿವಾರ ನನಗೆ ಮಣಿಪಾಲದಲ್ಲಿ ಚೆಕಪ್ ಉಂಟು. ನೀವೂ ಬನ್ನಿ."

"ನನಗೂ ಕಣ್ಣೊಳಗೆ ಹಾಕ್ತಾರಾ? ಒಲೆ, ಹೊಗೆ, ಒಗ್ಗರಣೆ..."

"ನಿಮಗೆ ಕನ್ನಡಕವೇ ಸಾಕೋ ಏನೋ, ಅದು ಆ ಹುಡುಗಿ ನೋಡಿ ಹೇಳ್ತಾಳೆ. ಒಂಬತ್ತು ಗಂಟೆಗೆ ಟೈಗರ್ ಸರ್ಕಲ್ಲಿನಲ್ಲಿ ನಿಲ್ಲಿ."

"ಅಲ್ಲಿ ಅಷ್ಟು ಜನರಲ್ಲಿ ನಾನು ನಿಮಗೆ ಕಾಣ್ತೇನಾ?"

"ಕಾಣ್ತೀರಿ," ಎಂದ ವಹಾಬಣ್ಣ. "ಕೊಡೆ ಇಲ್ಲದಿದ್ದರೂ ಕಾಣ್ತೀರಿ."

ರತ್ನಾವತಿ ಟಿಕೆಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ಹಾಗಾದರೆ ಬರ್ತೇನೆ. ಬಿಟ್ಟು ಹೋಗಬೇಡಿ ಮತ್ತೆ," ಎಂದಳು.