ಬಿಲ್ವದ ತೊಗಟೆ ಕೆರೆದ ಭಾನುವಾರ

ಶಿವರಾತ್ರಿ ಸಂಜೆ ನಮ್ಮ ಚಾಮರಾಜಪೇಟೆ ಮನೆಯ ಹಿತ್ತಲಲ್ಲಿ, ಬಿಲ್ವದ ಬುಡಕ್ಕೆ ಸಾಲಾಗಿ ದೀಪ ಇಟ್ಟವಳು ನಾನೇ. ಬುಡ ಗುಡಿಸಿರಲಿಲ್ಲ. ಶಿವನ ತಲೆಗೇರುವ ಎಲೆಗೆ ಪೊರಕೆ ತಾಕಿಸಬಾರದು ಅಂತ ನನ್ನ ನೇಮ. ಒಣಗಿದೆಲೆ ಗೇಣೆತ್ತರ ಬಿದ್ದಿತ್ತು. ನಾವು ಒಳಗೆ ಪೂಜೆಗೆ ಕೂತಿದ್ದಾಗ ಹೊತ್ತಿಕೊಂಡಿತು.

ಬಕೆಟ್ಟುಗಟ್ಟಲೆ ನೀರು ಸುರಿದು ಆರಿಸಿದೆವು. ಮನೆಗೆ ತಾಗಲಿಲ್ಲ, ಯಾರ ಕೈಯೂ ಸುಡಲಿಲ್ಲ. ಅಷ್ಟು ದಯೆ ತೋರಿಸಿದ ಶಿವ. ಮರ ಮಾತ್ರ ಕಪ್ಪಾಗಿ ನಿಂತಿತು. ಯುಗಾದಿ ಕಳೆದು ಎರಡು ಮಳೆ ಬಿದ್ದರೂ ಚಿಗುರಲಿಲ್ಲ. ಭಾವನವರು, "ಸತ್ತಿದೆ ಕಣಮ್ಮ. ಬಿದ್ರೆ ಪಕ್ಕದ ಮನೆ ಶೀಟಿನ ಮೇಲೆ. ಭಾನುವಾರ ಸಂಜೆ ಕಡಿಸ್ಬಿಡ್ತೀನಿ" ಅಂದರು.

ಆ ಭಾನುವಾರ ಬೆಳಗ್ಗೆ ಅವರ ಹೆಂಡತಿ, ನನ್ನ ಓರಗಿತ್ತಿ, ಊರಾಚೆಯ ಗುಡ್ಡಕ್ಕೆ ನನ್ನನ್ನೂ ಹೊರಡಿಸಿದರು. ಕಾಡ್ಗಿಚ್ಚು ಬಿದ್ದ ಜಾಗ ಮತ್ತೆ ಹೇಗೆ ಹಸಿರಾಗುತ್ತೆ ಅಂತ ತೋರಿಸುವ ನಡಿಗೆಯಂತೆ.

"ಸುಟ್ಟಿದ್ದು ನೋಡೋಕೆ ಅಷ್ಟು ದೂರ ಯಾಕಕ್ಕ? ಹಿತ್ತಲಲ್ಲೇ ಇದೆಯಲ್ಲ."

"ಅದು ನೀನು ಸುಟ್ಟಿದ್ದು. ಇದು ಬೇರೆಯೋರು ಸುಟ್ಟಿದ್ದು. ಬಾ ಸುಮ್ನೆ."

ಗುಡ್ಡದ ಕಲ್ಲುಗಳೆಲ್ಲ ಮಸಿ ಹಿಡಿದ ಬಾಣಲೆ. ಕರಕಲಾದ ಮುತ್ತುಗದ ಬುಡದಿಂದ ಮಾತ್ರ ಮೂರು ಮೂರು ಎಲೆಯ ಚಿಗುರು ಎದ್ದಿತ್ತು. ನಡಿಗೆ ಮಾಡಿಸುತ್ತಿದ್ದ ಹುಡುಗಿ, ಬೆಂಕಿ ಮೇಲಿಂದ ಓಡಿಹೋದರೆ ಮಣ್ಣೊಳಗಿನ ಬೇರು ತಂಪಾಗಿರುತ್ತೆ ಅಂದಳು. ನಾನು ನಾಚದೆ ನನ್ನ ಬಿಲ್ವದ ಕತೆ ಒಪ್ಪಿಸಿದೆ.

"ಬೆಂಕಿ ಬುಡದಲ್ಲೇ ಕೂತಿದ್ರೆ ಹೇಳೋಕಾಗಲ್ಲ ಆಂಟಿ. ತೊಗಟೆ ಚೂರು ಕೆರೆದು ನೋಡಿ, ಸುತ್ತಲೂ. ಒಳಗೆ ಒಂದು ಕಡೆ ಹಸಿರಿದ್ರೂ ಜೀವ ಇದೆ."

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಹಿತ್ತಲಿಗೆ ಹೋದೆ. ಆಳು ಆಗಲೇ ಗರಗಸ ಹಿಡಿದು ನಿಂತಿದ್ದ. "ಸ್ವಲ್ಪ ಇರಪ್ಪ" ಅಂದು ಈಳಿಗೆಮಣೆಯ ಪಕ್ಕದಲ್ಲಿದ್ದ ಚಾಕು ತಂದೆ. ದೀಪ ಇಟ್ಟ ಕಡೆ ಕೆರೆದೆ, ಕಂದು. ಎಡಕ್ಕೆ, ಕಂದು. ಬಲಕ್ಕೂ ಅಷ್ಟೇ. ಭಾವನವರು ನಕ್ಕರು: "ಸೋರೆಕಾಯಿ ಸಿಪ್ಪೆ ತೆಗೀತಿದೀಯೇನಮ್ಮ?"

ಹಿಂಬದಿಯ ಕಾಂಪೌಂಡ್ ಗೋಡೆಗೂ ಮರಕ್ಕೂ ನಡುವೆ ನನ್ನ ಮೈ ಹಿಡಿಸುವಂತಿರಲಿಲ್ಲ. ಕೈಯಷ್ಟೇ ತೂರಿಸಿ ಕೆರೆದೆ. ಬೆರಳಿಗೆ ತೇವ ತಾಗಿತು. ಓರಗಿತ್ತಿ ಮೊಬೈಲಿನ ಟಾರ್ಚ್ ಬಿಟ್ಟರು. ನಾಲ್ಕು ಬೆರಳಗಲ, ಎಳೆ ಅವರೆಕಾಯಿಯಂಥ ಹಸಿರು.

"ಬುಡ ಸುಟ್ಟೋಳು ನಾನು, ಕಾಯೋಳೂ ನಾನೇ. ಮಳೆಗಾಲ ಕಳೀಲಿ, ಚಿಗುರದಿದ್ರೆ ನಾನೇ ಆಳು ಕರೀತೀನಿ" ಅಂದೆ. ಹಾಗೆ ಗಟ್ಟಿಯಾಗಿ ಅವರೆದುರು ಮಾತಾಡಿದ್ದು ಅದೇ ಮೊದಲು.

ಭಾವನವರು ತಾವೇ ಬಗ್ಗಿ ನೋಡಿದರು. ಆಮೇಲೆ ಆಳಿನ ಕಡೆ ತಿರುಗಿ, "ಶೀಟಿನ ಮೇಲೆ ಬಾಗಿರೋ ಒಣ ಕೊಂಬೆ ಮಾತ್ರ ತೆಗಿಯಪ್ಪ" ಅಂದರು.

ಅವನು ಮೇಲೆ ಕುಯ್ಯುತ್ತಿದ್ದಾಗಲೇ ನಾನು ಹಸಿಮಣ್ಣು ಕಲಸಿ, ಕೆರೆದ ಗಾಯಗಳಿಗೆಲ್ಲ ಮೆತ್ತಿದೆ.