ಸೆರಗಿನ ಮೇಲೆ ಬಿದ್ದ ಮೇಣ

ಸುಗಂಧದ ಮೇಣಬತ್ತಿಗೆ ಬಾಗಲಕೋಟೆಯಲ್ಲಿ ಐದು ರೂಪಾಯಿ ಹೇಳಿದರು, ನಾನು ಮೂರಕ್ಕೆ ತಂದೆ. ಕರೆಂಟು ಹೋದಾಗ ಕಂದೀಲು ಹಚ್ಚಿದರೆ ಇಳಕಲ್ಲಿನ ನನ್ನ ಅಂಗಡಿಯ ಸೀರೆಗಳಿಗೆಲ್ಲ ಚಿಮಣಿ ಎಣ್ಣೆಯ ವಾಸನೆ ಹತ್ತುತ್ತಿತ್ತು.

ಪಕ್ಕದ ಮನೆಯಲ್ಲಿ ನೂಲು ಸುತ್ತುತ್ತಿದ್ದ ಚಿಕ್ಕಮ್ಮ, ನಮ್ಮ ಕಾಕು, ಯಾವುದಕ್ಕೂ "ತಡಿ, ಆರಲಿ" ಎನ್ನುವವಳು. ಚಹಾಕ್ಕೂ ಅದೇ, ಜಗಳಕ್ಕೂ ಅದೇ.

ಕರೆಂಟು ಹೋಗಿದ್ದ ಒಂದು ಸಂಜೆ ಮದುವೆ ಸೀರೆ ಒಯ್ಯಲು ಬಂದ ಹೆಣ್ಣಿನ ತಾಯಿ ಕೆಂಪು ಸೆರಗನ್ನು ಮೇಣಬತ್ತಿಯ ಬೆಳಕಿಗೆ ಹಿಡಿದಳು. ಗಾಳಿ ಬೀಸಿ ಮೇಣ ಸೆರಗಿನ ಮೇಲೇ ಸುರಿಯಿತು.

"ಅಯ್ಯ, ನಾಳೆ ಮದುವಿ ಐತ್ರೀ!" ಎಂದು ಅತ್ತೇಬಿಟ್ಟಳು. ನಾನು ಬಿಸಿನೀರು ತಂದೆ. ಅಳು ಕೇಳಿ ಬಂದ ಕಾಕು ನನ್ನನ್ನು ತಡೆದಳು.

"ಸೆರಗಿನ ಬಣ್ಣ ಬಿಟ್ಟು ಸೀರಿ ತುಂಬೆಲ್ಲಾ ಕೆಂಪಾಗತೈತಲೋ ತಮ್ಮಾ. ತಡಿ, ಆರಲಿ."

ಕಾಕು ಸೆರಗನ್ನು ತೊಡೆಯ ಮೇಲೆ ಹರವಿಕೊಂಡು ಅಳಿಯನ ಊರು, ಮನೆತನ ವಿಚಾರಿಸುತ್ತ ಕುಳಿತಳು. ಗಟ್ಟಿಯಾದ ಮೇಣ ಉಗುರಿಗೆ ಎದ್ದು ಬಂತು. ಉಳಿದ ಜಿಡ್ಡಿನ ಮೇಲೆ ಕಾಗದ ಹಾಸಿ, ನನ್ನ ಬಿಸಿನೀರನ್ನೇ ತಂಬಿಗೆಗೆ ತುಂಬಿ ಇಸ್ತ್ರಿಯಂತೆ ಎಳೆದಳು. ಜಿಡ್ಡನ್ನು ಕಾಗದ ಹೀರಿಕೊಂಡಿತು.

"ವಾಸನಿ ಹೋಗಿಲ್ಲಲ್ರೀ?" ಎಂದಳು ತಾಯಿ.

"ಇರ್ಲಿ ಬಿಡವಾ, ಅತ್ತರಿನ ರೊಕ್ಕ ಉಳೀತು."

ಅಳುತ್ತಿದ್ದವಳು ನಕ್ಕಳು.

ನೀವೂ ಮೇಣಬತ್ತಿ ಹಚ್ಚುವುದಿದ್ದರೆ ಬತ್ತಿಯನ್ನು ಗಿಡ್ಡ ಕತ್ತರಿಸಿ, ಅಗಲ ತಾಟಿನಲ್ಲಿ, ಗಾಳಿ ಬಾರದ ಕಡೆ ಇಡಿ. ಮೇಣ ಬಿತ್ತೋ, ಒರೆಸಲು ಓಡಬೇಡಿ. ಆರುವ ತನಕ ಪಕ್ಕದವರ ಸುಖದುಃಖ ಕೇಳುತ್ತ ಕುಳಿತುಕೊಳ್ಳಿ.