ಹೈದರಸಾಬನನ್ನು ಹಿತ್ತಲಿಂದ ಕರೆದದ್ದು

ಅಳವಂಡಿ ಕಡೆಯ ನಮ್ಮೂರಲ್ಲಿ ಕುರಿ ಕೊಯ್ಯುವ ಹಕ್ಕು ಮುಲ್ಲಾ ಹೈದರಸಾಬನದು. ದೇವರು ಯಾರದೇ ಇರಲಿ, ಹರಕೆ ಯಾರದೇ ಇರಲಿ, ಅವನು ಬಂದು ಕುರಿಗೆ ನೀರು ಕುಡಿಸಿ, ತನ್ನ ದೇವರ ಹೆಸರು ಹೇಳಿ ಚೂರಿ ಆಡಿಸಿದರೇ ಅದು ಮಾಂಸ. ಬೇರೆಯವರು ಕೊಯ್ದರೆ ನಮ್ಮ ಹಿರಿಯರು ಅದನ್ನು ಸತ್ತ ಕುರಿ ಎನ್ನುತ್ತಿದ್ದರು, ಮುಟ್ಟುತ್ತಿರಲಿಲ್ಲ. ಅವನ ಅಪ್ಪ ಅಜ್ಜಂದಿರೂ ಇದನ್ನೇ ಮಾಡಿದವರು. ಅವನ ಮುತ್ತಜ್ಜ ಕೊಯ್ದ ಕುರಿಯ ಸಾರು ಇನ್ನೂ ಆರಿಲ್ಲ ಎಂದು ನಾನು ಹೇಳಿದರೆ ಅರ್ಧ ಊರು ನಂಬುತ್ತದೆ. ಕೊಯ್ದದ್ದಕ್ಕೆ ಕೊರಳ ತುಂಡು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಂದು ಮೊರ ಜೋಳದ ಆಯ, ಅಂದರೆ ಊರು ಕೊಡುವ ಪಾಲು. ಹೈದರಸಾಬ ಮತ್ತು ಅವನ ಹೆಂಡತಿ ಶಾಹಜಾದಬಿ ಬದುಕಿದ್ದು ಇಷ್ಟರ ಮೇಲೆ.

ಕರೆಯುವುದಕ್ಕೂ ಒಂದು ರೀತಿ ಇತ್ತು. ಕುರಿಯ ಮನೆಯವರೇ ಬಂದು ಅವನ ಮುಂಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕರೆಯಬೇಕು. ಅವನು ಚೂರಿ ಹಿಡಿದು ನಡುಬೀದಿಯಲ್ಲಿ ಹೊರಟರೆ ಇವತ್ತು ಯಾರ ಮನೆಯಲ್ಲಿ ಊಟ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಆ ನಡಿಗೆ ನೋಡಿಯೇ ಹಾಸಿಗೆ ಹಿಡಿದ ಮುದುಕರು ಎದ್ದು ತಲೆ ಬಾಚಿಕೊಳ್ಳುತ್ತಿದ್ದರು. ಹಲ್ಲಿಲ್ಲದವರಿಗೆ ಹಲ್ಲು ಮೊಳೆಯುತ್ತಿದ್ದವು.

ಎಂಬತ್ತಮೂರರ ಚುನಾವಣೆಗೆ ಹೊರಗಿನಿಂದ ಒಬ್ಬ ಭಾಷಣದಪ್ಪ ಬಂದ. ಅವನ ಹೆಸರನ್ನು ನನ್ನ ಬಾಯಿಗೆ ಹಾಕಿಕೊಂಡು ಮತ್ತೆ ಬಾಯಿ ತೊಳೆಯುವ ಕೆಲಸ ಬೇಡ. ಮೈಕಿನ ಹಾರ್ನನ್ನು ಬೇವಿನ ಮರಕ್ಕೆ ಕಟ್ಟಿದ್ದರು, ಅದರ ಬಾಯಿ ನೇರ ಹೈದರಸಾಬನ ಮನೆಯ ಮಾಳಿಗೆಯ ಕಡೆಗೆ. ಭಾಷಣದಪ್ಪ ಕೂಗಿದ ಗಾಳಿಗೆ ಮೂರು ಹೊಲದಾಚೆಯ ಜೋಳ ತಾನೇ ತೂರಿಕೊಂಡಿತು ಎನ್ನಬೇಕು. ಕೂಗಿದ್ದು ಮಾತ್ರ ಹೊಟ್ಟು.

"ಈ ನೆಲದ ಅನ್ನ ಉಂಡು ಬೇರೆ ನೆಲದ ಜಪ ಮಾಡುವ ಜನ ಇವರು! ಇವರ ಕೈ ಮುಟ್ಟಿದ್ದು ನಿಮ್ಮ ಬಾಯಿಗೆ ಹೋಗಬಾರದು! ಚೂರಿ ಹಿಡಿದ ಕೈಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತೀರಾ?"

ಚಪ್ಪಾಳೆ ಬಿತ್ತು. ಅದೇ ಚೂರಿಯಿಂದ ಮಕ್ಕಳ ಜವಳದ ಕುರಿ ಕೊಯ್ಯಿಸಿಕೊಂಡ ಕೈಗಳೇ ತಟ್ಟಿದವು. ಮೂಲೆಯಲ್ಲಿ ನಿಂತಿದ್ದ ಹೈದರಸಾಬ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಶಾಹಜಾದಬಿ ಒಳಗೇ ಕೂತು ಎಲ್ಲವನ್ನೂ ಕೇಳಿದ್ದಳು.

ಭಾಷಣದಪ್ಪನ ಮಧ್ಯಾಹ್ನದ ಊಟ ಟ್ರ್ಯಾಕ್ಟರ್ ಕನಕಪ್ಪನ ಮನೆಯಲ್ಲಿ. ಊರಿನ ಹಿರಿಯ ಅವನೇ. ಕುರಿ ಕಂಬಕ್ಕೆ ಕಟ್ಟಿತ್ತು, ಮಸಾಲೆ ಅರೆದಿತ್ತು, ಕೊಯ್ಯುವವನೇ ಇಲ್ಲ. ಕನಕಪ್ಪನ ಆಳು ಗೋಣೆಪ್ಪ ಬಂದು ಹೈದರಸಾಬನ ಹಿತ್ತಲ ಗೋಡೆಯ ಮೇಲಿಂದ ಪಿಸುಗುಟ್ಟಿದ.

"ಹೈದರಮಾವಾ, ಲಗೂನ ಬಾ. ಚೂರಿ ಟವೆಲ್‌ನ್ಯಾಗ ಸುತ್ಕೊ. ಹಿತ್ತಲ ಕಡಿಂದ ಬಾ."

"ಯಾಕೋ, ಕಳವು ಮಾಡಾಕ ಕರ್ಯಾಕ್ಹತ್ತಿ ಏನ?"

"ಸಾಹೇಬ್ರು ಪಡಸಾಲ್ಯಾಗ ಕುಂತಾರ. ನಿನ್ನ ನೋಡಬಾರ್ದಂತ."

"ನೋಡಬಾರ್ದು, ಉಣ್ಣಬಹುದೇನು?"

ಗೋಣೆಪ್ಪ ತಲೆ ಕೆರೆದುಕೊಂಡ. ಹೈದರಸಾಬ ಎದ್ದು ನಿಂತ.

"ಕನಕಪ್ಪಗ ಹೇಳು, ಮೈಕ್ ಇನ್ನೂ ಬಿಚ್ಚಿಲ್ಲ. ಹೈದರಸಾಬ, ನಮ್ಮನಿ ಕುರಿ ಕೊಯ್ಯಾಕ ಬಾ ಅಂತ ಅದರಾಗ ಒಮ್ಮಿ ಕರೀಲಿ. ಓಡಿ ಬರತೇನಿ."

"ಮಾವಾ, ಆಯ ಕಳಕೋತಿ ನೋಡು."

"ನಿನ್ನ ಮದುವಿ ಕುರಿ ಕೊಯ್ಯಾಕ ನಿಮ್ಮಪ್ಪ ಈ ಮುಂಬಾಗಲದಾಗ ನಿಂತು ಕರದಿದ್ದ. ಅವಂಗೇನು ಹಿತ್ತಲ ದಾರಿ ಗೊತ್ತಿದ್ದಿಲ್ಲೇನು? ಹೋಗಲೇ."

ಮೈಕಿನಲ್ಲಿ ಯಾರೂ ಕರೆಯಲಿಲ್ಲ. ಗೋಣೆಪ್ಪ ಕನಕಪ್ಪನ ಮೋಟರ್ ಸೈಕಲ್ ಹತ್ತಿ ಕೊಪ್ಪಳಕ್ಕೆ ಹೋಗಿ ಮಾಂಸ ತಂದ. ಎಲ್ಲಿಂದ? ಇನ್ನೊಬ್ಬ ಸಾಬರ ಅಂಗಡಿಯಿಂದ! ಭಾಷಣದಪ್ಪ ಉಂಡ ಪರಿ ನೋಡಬೇಕಿತ್ತು. ಎಲುಬುಗಳು ಅವನ ಬಾಯೊಳಗೆ ಹೋಗಿ ಪುಡಿಯಾಗಿ ಹೊರಗೆ ಬಂದವು. ಬಾಯಿ ಒರೆಸಿಕೊಂಡು, "ಕನಕಪ್ಪನವರೇ, ನಿಮ್ಮ ಮನೆ ಊಟ ಬಲು ಶುದ್ಧ," ಎಂದ. ಥೂ!

ಅವನೇನೋ ಜೀಪು ಹತ್ತಿ ಹೋದ. ಅವನ ಮಾತು ಊರಲ್ಲೇ ಉಳಿಯಿತು. ಸುಗ್ಗಿಗೆ ಹೈದರಸಾಬ ಚೀಲ ಹಿಡಿದು ಕನಕಪ್ಪನ ಕಣಕ್ಕೆ ಹೋದ. ರಾಶಿಯ ಮಗ್ಗುಲಲ್ಲಿ ಕೂತಿದ್ದ ಕನಕಪ್ಪ ಜೋಳಕ್ಕೆ ಕೈ ಹಾಕಲಿಲ್ಲ.

"ಮೈಕಿನ್ಯಾಗ ಕರೀತೇವಿ, ಅವಾಗ ಬರ್ರಿ ಮುಲ್ಲಾಸಾಹೇಬ್ರ!"

ಕಣದಲ್ಲಿದ್ದವರೆಲ್ಲ ನಕ್ಕರು. ಕನಕಪ್ಪ ಕೊಡದಿದ್ದನ್ನು ನೋಡಿ ಬೇರೆ ಕಣಗಳೂ ಕೊಡಲಿಲ್ಲ. ಕುರಿ ಕೊಯ್ಯಲು ಕೊಪ್ಪಳದಿಂದ ಬಸ್ಸಿನಲ್ಲಿ ಬೇರೊಬ್ಬ ಮುಲ್ಲಾನನ್ನು ಕರೆಸತೊಡಗಿದರು. ಅವನೂ ಸಾಬನೇ. ಆದರೆ ಸಂಜೆಯ ಬಸ್ಸಿಗೆ ಹೊರಟುಹೋಗುವವನು. ಮರುದಿನ ಬಾವಿಕಟ್ಟೆಯಲ್ಲಿ ಅವನ ಮುಖ ನೋಡುವ ಕಷ್ಟವಿಲ್ಲ. ನಮ್ಮೂರು ಯಾರಿಗೂ ಕಲ್ಲು ಹೊಡೆಯಲಿಲ್ಲ, ಯಾರ ಮನೆಗೂ ಬೆಂಕಿ ಇಡಲಿಲ್ಲ. ಅದನ್ನೇ ದೊಡ್ಡಸ್ತಿಕೆ ಎಂದು ಹೇಳಿಕೊಂಡು ತಿರುಗಿತು.

ಶಾಹಜಾದಬಿಯ ತಮ್ಮ ಶ್ರೀರಾಮನಗರದ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. "ಅಲ್ಲಿಗೆ ಹೋಗೂಣು ನಡೀರಿ. ಇಲ್ಲಿ ಉಪಾಸ ಸಾಯೂದು ಬ್ಯಾಡ," ಎಂದು ಅವಳು ಗಂಟು ಕಟ್ಟಿದಳು. "ಒಬ್ಬರರ ಬಾಗಲಿಗೆ ಬಂದು ಕರೀತಾರ, ತಡಿ," ಎಂದು ಅವನು ಬಿಚ್ಚಿಸಿದ. ಕಟ್ಟುವುದು ಬಿಚ್ಚುವುದು ಎಷ್ಟಾಯಿತೆಂದರೆ ಆ ಗಂಟು ತಾನೇ ಕಟ್ಟಿಕೊಳ್ಳುವುದನ್ನು ಕಲಿಯಿತು.

ಕೊನೆಗೆ ಒಬ್ಬಳು ಬಂದಳು. ಮಾರೆವ್ವ, ಕೂಲಿ ಮಾಡಿ ಬದುಕುವ ಮುದುಕಿ. ಜ್ವರ ಬಿದ್ದ ಮೊಮ್ಮಗಳು ಉಳಿದಳೆಂದು ಹುಲಿಗೆಮ್ಮನಿಗೆ ಕುರಿ ಬಿಟ್ಟಿದ್ದಳು. ಹೈದರಸಾಬನ ಮುಂಬಾಗಿಲಲ್ಲಿ ನಿಂತು ಊರಿನ ಹೆಂಚುಗಳೆಲ್ಲ ಕುಣಿಯುವಂತೆ ಕೂಗಿದಳು.

"ಹೈದರ್ ತಮ್ಮಾ! ಬಾರೋ, ನಮ್ಮನಿ ಕುರಿ ಕೊಯ್ಯೂದೈತಿ!"

ಹೈದರಸಾಬ ಚೂರಿ ಹಿಡಿದು ನಡುಬೀದಿಯಲ್ಲಿ ಅವಳ ಹಿಂದೆ ನಡೆದ. ಕಟ್ಟೆಯ ಮೇಲಿದ್ದ ಕನಕಪ್ಪ ತಡೆಯಲಾರದೆ ಕೇಳಿದ.

"ಏ ಮುದುಕಿ, ಬುದ್ಧಿ ಐತಿಲ್ಲೋ?"

"ಐತಿ. ನಿನ್ನಂಗ ಬಾಡಿಗಿ ತಂದದ್ದಲ್ಲ."

ಹೈದರಸಾಬ ಕುರಿ ಕೊಯ್ದ. ಮಾರೆವ್ವ ಓಣಿಗೆಲ್ಲ ಊಟಕ್ಕೆ ಹೇಳಿದಳು. ಯಾರೂ ಬರಲಿಲ್ಲ. ಕುರಿಯ ಊಟಕ್ಕೆ ಸತ್ತವರೂ ಎದ್ದು ಬರುವ ಊರಲ್ಲಿ ಬದುಕಿದ್ದವರು ಬಾಗಿಲು ಹಾಕಿಕೊಂಡರು. ಹೈದರಸಾಬ ಖಾಲಿ ಎಲೆಗಳ ಸಾಲು ನೋಡುತ್ತ ಉಂಡ.

ಮರುದಿನ ಬೆಳಿಗ್ಗೆ ಚಕ್ಕಡಿಗೆ ಗಂಟು ಹೇರಿದರು. ಮಾರೆವ್ವ ನೊಗ ಹಿಡಿದು ನಿಂತಳು.

"ನಾ ಕರದೆಲ್ಲೋ! ಕರದ ಮ್ಯಾಲೂ ಹೊಂಟ್ಯಾ?"

"ನೀ ಒಬ್ಬಾಕಿ ಕರದಿ, ಯಕ್ಕಾ."

ಅವಳು ನೊಗ ಬಿಟ್ಟಳು.

ಗಾಡಿಯವನು ಹಿಂದಿನ ಓಣಿಗೆ ಎತ್ತು ತಿರುಗಿಸಿದ್ದ. ಹೈದರಸಾಬ ಹಗ್ಗ ಕಸಿದುಕೊಂಡು ನಡುಬೀದಿಗೆ ಎಳೆದ. ಕನಕಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸಿ ಮುಂಬಾಗಿಲಿಗೆ ಎದುರಾಗಿ ನಿಂತು ಕೂಗಿದ.

"ಕನಕಪ್ಪಾ! ಹೊಂಟೇನಿ, ಹೊರಗ ಬಾ! ಮುಖ ನೋಡಿ ಹೋಗತೇನಿ!"

ಒಳಗೆ ತಂಬಿಗೆ ಬಿದ್ದ ಸದ್ದಾಯಿತು. ಅವನು ಮತ್ತೊಮ್ಮೆ ಕೂಗಿದ. ಆಗ ಕನಕಪ್ಪ, ಊರಿನ ಹಿರಿಯ, ಟ್ರ್ಯಾಕ್ಟರಿನ ಧಣಿ, ಪಂಚೆ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೊಲದ ಕಡೆ ಓಡಿದ.